ಲ್ಯಾಶ್ ಎಕ್ಸ್‌ಟೆನ್ಷನ್ 11 ತಿಂಗಳು ಹಾಕಿಸ್ಕೊಂಡೆ, ಸಣ್ಣ ತುರಿಕೆನ ಕಡೆಗಣಿಸಬಾರದಿತ್ತು (ದಾವಣಗೆರೆ)

ತಂಗಿ ಮದುವೆಗೆ ಅಂತ ಶುರು ಮಾಡಿದ್ದು, ಆಮೇಲೆ ಬಿಡೋಕೇ ಆಗ್ಲಿಲ್ಲ. ಪಿ.ಜೆ. ಬಡಾವಣೆ ಕಡೆ ಒಂದು ಪಾರ್ಲರ್, ಹೆಸರು ಬೇಡ. ಕ್ಲಾಸಿಕ್ ಸೆಟ್ ಹಾಕಿಸಿದ್ದೆ, ಅಂದ್ರೆ ನಮ್ಮ ಒಂದು ರೆಪ್ಪೆಗೂದಲಿಗೆ ಒಂದೇ ಕೃತಕ ಕೂದಲು ಅಂಟಿಸೋದು. ಎರಡು ಗಂಟೆ ಕಣ್ಣು ಮುಚ್ಕೊಂಡು ಮಲಗ್ಬೇಕು, ಮೂರು ವಾರಕ್ಕೊಂದ್ಸಲ ರಿಫಿಲ್, ಯಾಕಂದ್ರೆ ನಮ್ಮ ಕೂದಲು ಉದುರಿದ್ರೆ ಅಂಟಿಸಿದ್ದೂ ಜೊತೇಲೇ ಹೋಗುತ್ತೆ.

ಆ ಹುಡುಗಿ ಕೈ ಚೆನ್ನಾಗಿತ್ತು, ಅದನ್ನ ಹೇಳ್ಲೇಬೇಕು. ಒಂದೊಂದೇ ಕೂದಲು ಬಿಡಿಸಿ ಅಂಟಿಸ್ತಿದ್ಲು. ಎರಡು ಕೂದಲು ಸೇರಿ ಅಂಟ್ಕೊಂಡ್ರೆ ಒಂದು ಬೆಳೆಯುವಾಗ ಇನ್ನೊಂದನ್ನ ಬುಡದಿಂದ ಎಳೆಯುತ್ತೆ, ಅದಕ್ಕೇ ಮುಗಿದ ಮೇಲೆ ಸಣ್ಣ ಬ್ರಷ್ ಹಾಕಿ ಬಾಚಿ ನೋಡಿ.

ಆದ್ರೆ ಅಂಟು ಫೆವಿಕ್ವಿಕ್ ಜಾತಿದೇ, ಸಯನೋಆಕ್ರಿಲೇಟ್ ಅಂತಾರೆ. ಒಂಬತ್ತು ತಿಂಗಳು ಏನೂ ಆಗ್ಲಿಲ್ಲ. ಆಮೇಲೆ ರಿಫಿಲ್ ಆದ ರಾತ್ರಿ ಸ್ವಲ್ಪ ತುರಿಕೆ, ಬೇಸಿಗೆ ಧೂಳು ಅನ್ಕೊಂಡು ಸುಮ್ನಾದೆ, ಮುಂದಿನ ಸಲಾನೂ ಹಂಗೇ, ಅದಾದ್ಮೇಲಿನ ರಿಫಿಲ್‌ಗೆ ಬೆಳಗ್ಗೆ ಎದ್ರೆ ಎರಡೂ ರೆಪ್ಪೆ ಊದಿ ಕಣ್ಣೇ ಬಿಡೋಕಾಗ್ತಿಲ್ಲ. ಅಂಟು ಅದೇ, ಹುಡುಗಿ ಅವಳೇ. ಎಷ್ಟೋ ಸಲ ತಾಗಿದ ಮೇಲೇ ಈ ಅಲರ್ಜಿ ಶುರುವಾಗ್ಬಹುದಂತೆ, ನನಗೆ ಗೊತ್ತೇ ಇರ್ಲಿಲ್ಲ. ರೆಪ್ಪೆ ತುದೀಲಿ ಎರಡು ಕೂದಲು ಅಂಟಿಸಿ 24ರಿಂದ 48 ಗಂಟೆ ಕಾಯೋ ಪ್ಯಾಚ್ ಟೆಸ್ಟ್ ಮಾಡ್ಸಿ ಅಂತ ಎಲ್ರೂ ಹೇಳ್ತಾರೆ, ಮಾಡ್ಸಿ, ಆದ್ರೆ ಮೊದಲ ದಿನ ಪಾಸಾದ್ರೆ ಮುಗೀತು ಅನ್ಕೋಬೇಡಿ.

ಅಮ್ಮ ಹರಳೆಣ್ಣೆ ಬಿಡು ಅಂದ್ರು, ನಮ್ಮನೆಯವ್ರು ಮೆಡಿಕಲ್ ಶಾಪಲ್ಲಿ ಡ್ರಾಪ್ಸ್ ತರೋಕೆ ಹೊರಟಿದ್ರು, ಎರಡೂ ಬೇಡ ಅಂತ ಕಣ್ಣಿನ ಡಾಕ್ಟರ್ ಹತ್ರಾನೇ ಹೋದೆ. ಒಳ್ಳೇದಾಯ್ತು. ಚೀಟಿ ಇಲ್ದೆ ತರೋ ಡ್ರಾಪ್ಸಲ್ಲಿ ಸ್ಟಿರಾಯ್ಡ್ ಇದ್ರೆ ಕಣ್ಣಿನ ಪ್ರೆಷರ್ ಏರ್ಬಹುದು, ಇನ್ಫೆಕ್ಷನ್ ಇದ್ರೆ ಇನ್ನೂ ಕೆಡುತ್ತೆ ಅಂದ್ರು. ಹಳದಿ ಬಣ್ಣ ಹಾಕಿ ನೀಲಿ ಲೈಟಲ್ಲಿ ಕಾರ್ನಿಯಾ ಗೀರಿದ್ಯಾ ನೋಡಿದ್ರು, ಇರ್ಲಿಲ್ಲ ಸದ್ಯ. ಆದ್ರೆ ರೆಪ್ಪೆ ಅಂಚಲ್ಲಿ ಹೊಟ್ಟಿನ ತರ ಕಟ್ಟಿತ್ತು, ಬ್ಲೆಫರೈಟಿಸ್, ಅಂದ್ರೆ ರೆಪ್ಪೆ ಅಂಚಿನ ಉರಿಯೂತ ಅಂದ್ರು. ತಪ್ಪು ನಂದೇ, ಕೂದಲು ಬಿದ್ದೋಗುತ್ತೆ ಅಂತ ತಿಂಗಳುಗಟ್ಲೆ ಅಲ್ಲಿ ಸರಿಯಾಗಿ ತೊಳೆದೇ ಇರ್ಲಿಲ್ಲ. ಎಣ್ಣೆ ಇಲ್ಲದ ಲ್ಯಾಶ್ ಶಾಂಪೂಲಿ ದಿನಾ ತೊಳೀಬೇಕಂತೆ, ಪಾರ್ಲರಲ್ಲಿ ಯಾರೂ ಹೇಳಿರ್ಲಿಲ್ಲ.

ದಯವಿಟ್ಟು ಕೈಯಲ್ಲಿ ಕಿತ್ಕೋಬೇಡಿ. ನಾನು ಡಾಕ್ಟರ್‌ನ ಕೇಳಿ, ಊತ ಇಳಿದ ಮೇಲೆ ಕ್ರೀಮ್ ರಿಮೂವರ್ ಹಾಕಿ ತೆಗೆಸ್ದೆ, ಅರ್ಧ ಗಂಟೆ ಕಣ್ಣು ಬಿಡ್ಲೇ ಇಲ್ಲ.

ಈಗ ತೆಗೆಸಿ ಮೂರು ತಿಂಗಳು. ನನ್ನ ಕೂದಲು ಬಹುತೇಕ ವಾಪಸ್ ಬಂದಿದೆ, ಬಲಗಣ್ಣಿನ ಮೂಲೇಲಿ ಮಾತ್ರ ಇನ್ನೂ ತೆಳು. ಗಾಯಕ್ಕೆ ಹೊಲಿಗೆ ಬದಲು ಹಾಕೋ ಅಂಟೂ ಇದೇ ಜಾತಿ, ಯಾವ ಆಸ್ಪತ್ರೆಗೆ ಹೋದ್ರೂ ಮೊದ್ಲೇ ಹೇಳು ಅಂದಿದ್ದಾರೆ, ಫೈಲ್ ಮೇಲೆ ಕೆಂಪು ಪೆನ್ನಲ್ಲಿ ಬರೆಸ್ಕೊಂಡಿದೀನಿ. ಕೈಕೆಲಸಕ್ಕೆ 4 ಸ್ಟಾರ್, ಒಟ್ಟಾರೆ 2.