ಮನೆಯಲ್ಲೇ ಬೈಕ್ ಕಟ್ಟುವವರಿಗೆ 200 ಆಂಪ್ ಇನ್ವರ್ಟರ್ ವೆಲ್ಡಿಂಗ್ ಯಂತ್ರ: ಒಂದು ವಿಮರ್ಶೆ

ಹಳೆಯ ಬೈಕೊಂದನ್ನು ಕೊಂಡು, ಅದರ ಹಿಂಭಾಗವನ್ನು ಕತ್ತರಿಸಿ, ಹೊಸ ಸೀಟು, ಮಡ್‌ಗಾರ್ಡ್, ದೀಪಗಳನ್ನು ಕೂರಿಸಿ ತಮಗೆ ಬೇಕಾದ ರೂಪ ಕೊಡಬೇಕೆನ್ನುವವರಿಗೆ ಸ್ಪ್ಯಾನರ್ ಸೆಟ್ ಮತ್ತು ಗ್ರೈಂಡರ್ ಆದ ಮೇಲೆ ಎದುರಾಗುವ ದೊಡ್ಡ ಪ್ರಶ್ನೆ ವೆಲ್ಡಿಂಗ್‌ನದು. ಬ್ರಾಕೆಟ್ಟಿಗೆ ಒಂದು ಟ್ಯಾಕ್ (ತಾತ್ಕಾಲಿಕವಾದ ಚುಕ್ಕೆ ಬೆಸುಗೆ) ಹಾಕುವುದು, ಸೀಟು ಇಟ್ಟು ದೂರ ನಿಂತು ನೋಡುವುದು, ಒಪ್ಪಿಗೆಯಾಗದಿದ್ದರೆ ಕತ್ತರಿಸಿ ಅರ್ಧ ಇಂಚು ಹಿಂದಕ್ಕೆ ಸರಿಸುವುದು, ಇದೇ ಈ ಕೆಲಸದ ಸ್ವಭಾವ. ಇಷ್ಟಿಷ್ಟಕ್ಕೂ ಬೈಕನ್ನು ವರ್ಕ್‌ಶಾಪಿಗೆ ಸಾಗಿಸುತ್ತಿದ್ದರೆ ಕಡಿಮೆ ಖರ್ಚಿನಲ್ಲಿ ಮುಗಿಸುವ ಮಾತು ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದಲೇ ಒಂದೇ ಕೈಯಲ್ಲಿ ಎತ್ತಬಹುದಾದ, ರಾಡ್ ಸುಡುವ ಅಗ್ಗದ ಇನ್ವರ್ಟರ್ ಯಂತ್ರದ (ಭಾರವಾದ ಟ್ರಾನ್ಸ್‌ಫಾರ್ಮರ್ ಬದಲು ಎಲೆಕ್ಟ್ರಾನಿಕ್ ಸರ್ಕ್ಯೂಟಿನಿಂದ ವೆಲ್ಡಿಂಗ್ ಕರೆಂಟ್ ಕೊಡುವಂಥದ್ದು) ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಬೈಕಿನ ಕೆಲಸಕ್ಕೆ ಅದು ತಕ್ಕ ಯಂತ್ರವೇ. ಆದರೆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ 200 ಎಂಬ ಅಂಕಿಯನ್ನು ನೋಡಿ ಕೊಳ್ಳಬಾರದು.

ಕಾರಣ ಸರಳವಾದ ಲೆಕ್ಕದಲ್ಲಿದೆ. ರಾಡ್ ವೆಲ್ಡಿಂಗ್‌ನಲ್ಲಿ 200 ಆಂಪ್ ಹರಿಯುವಾಗ ಆರ್ಕ್‌ನ (ರಾಡ್ ಮತ್ತು ಲೋಹದ ನಡುವೆ ಹೊತ್ತುವ ವಿದ್ಯುತ್ ಜ್ವಾಲೆಯ) ವೋಲ್ಟೇಜನ್ನು ಸುಮಾರು 28 ಎಂದು ಹಿಡಿಯುತ್ತಾರೆ, ಅಂದರೆ 5,600 ವ್ಯಾಟ್. ಯಂತ್ರದೊಳಗಿನ ನಷ್ಟ ಇದಕ್ಕೆ ಮೇಲು. ಮನೆಯ 16 ಆಂಪ್ ಸಾಕೆಟ್ 230 ವೋಲ್ಟ್‌ನಲ್ಲಿ ಕೊಡಬಲ್ಲದ್ದು ಹೆಚ್ಚೆಂದರೆ 3,680 ವ್ಯಾಟ್. ಯಂತ್ರ ನಿಜಕ್ಕೂ 200 ಆಂಪ್ ಕೊಡುವಂಥದ್ದೇ ಆದರೂ ಮನೆಯ ಆ ಸಾಕೆಟ್ಟಿನಿಂದ ಅದನ್ನು ಬಿಡದೆ ಪಡೆಯುವ ದಾರಿಯಿಲ್ಲ. ಸಂತೋಷದ ವಿಷಯವೆಂದರೆ ಬೈಕಿಗೆ ಅದು ಬೇಕಾಗಿಯೂ ಇಲ್ಲ. 2 ಮಿ.ಮೀ. ದಪ್ಪದ ಕೊಳವೆಗೆ 2.5 ಮಿ.ಮೀ. ರಾಡಿನಲ್ಲಿ 60ರಿಂದ 80 ಆಂಪ್ ಸಾಕು, ಮತ್ತು 80 ಆಂಪ್‌ನಲ್ಲಿ ಆರ್ಕ್ ಬಳಸುವುದು 1,900 ವ್ಯಾಟ್‌ಗಿಂತ ಸ್ವಲ್ಪ ಕಡಿಮೆ.

ಹಾಗಾಗಿ ನೋಡಬೇಕಾದದ್ದು ಯಂತ್ರದ ಹಿಂಬದಿಯ ಫಲಕದಲ್ಲಿರುವ ಡ್ಯೂಟಿ ಸೈಕಲ್ ಅಂಕಿಗಳನ್ನು. ಹತ್ತು ನಿಮಿಷಗಳಲ್ಲಿ ಎಷ್ಟು ಹೊತ್ತು ಬಿಡದೆ ವೆಲ್ಡಿಂಗ್ ಮಾಡಬಹುದೆಂಬುದನ್ನು ಅವು ಹೇಳುತ್ತವೆ. 60 ಪ್ರತಿಶತವೆಂದರೆ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ. 100 ಪ್ರತಿಶತದ ಎದುರು 90 ಅಥವಾ 100 ಆಂಪ್ ಎಂದು ಬರೆದಿದ್ದರೆ ಬೈಕಿನ ಕೆಲಸಕ್ಕೆ ಆ ಯಂತ್ರ ಧಾರಾಳವಾಯಿತು. ಈ ಫಲಕವೇ ಇಲ್ಲದ ಯಂತ್ರವನ್ನು, ಬೆಲೆ ಎಷ್ಟೇ ಕಡಿಮೆಯಿದ್ದರೂ, ಅಂಗಡಿಯಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಬಳಕೆಯಲ್ಲಿ ಇದು ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರಕ್ಕಿಂತ ಬಹಳ ಸೌಮ್ಯ. ಆರಂಭದಲ್ಲಿ ಕ್ಷಣಕಾಲ ಹೆಚ್ಚು ಕರೆಂಟ್ ಕೊಡುವ ಹಾಟ್ ಸ್ಟಾರ್ಟ್ ಇರುವುದರಿಂದ ಆರ್ಕ್ ಬೇಗ ಹತ್ತಿಕೊಳ್ಳುತ್ತದೆ, ರಾಡ್ ಅಂಟಿಕೊಂಡರೆ ಆಂಟಿ-ಸ್ಟಿಕ್ ಕರೆಂಟನ್ನು ತಾನಾಗಿಯೇ ಇಳಿಸುತ್ತದೆ. ಹೊಸಬರಿಗೆ 6013 ಎಂಬ ದರ್ಜೆಯ ರಾಡ್ ಸಲೀಸು: ಆರ್ಕ್ ಮೃದು, ಬೆಸುಗೆಯ ಮೇಲೆ ಕಟ್ಟುವ ಕಿಟ್ಟ ಸುಲಭವಾಗಿ ಬಿಡುತ್ತದೆ. ತೆಳುವಾದ ಕೊಳವೆಯಾದರೆ ರಾಡ್ ಹಿಡಿಯುವ ಕೇಬಲನ್ನು ಮೈನಸ್ಸಿಗೆ ಹಾಕಬೇಕು. ಆಗ ಲೋಹದೊಳಗೆ ಇಳಿಯುವ ಬಿಸಿ ಕಡಿಮೆಯಾಗಿ ತೂತು ಬೀಳುವ ಸಂಭವ ತಗ್ಗುತ್ತದೆ. ಸೀಟಿನ ಹಿಂದಿನ ಬಾಗಿದ ಕೊಳವೆ, ಬ್ಯಾಟರಿ ಪೆಟ್ಟಿಗೆಯ ಬ್ರಾಕೆಟ್, ಮಡ್‌ಗಾರ್ಡಿನ ಆಧಾರ, ಇವೆಲ್ಲ ಇದರಲ್ಲಿ ಚೆನ್ನಾಗಿ ಆಗುತ್ತವೆ. ಜೊತೆಗೆ ಬರುವ, ಕರೆಂಟ್ ಮರಳಲು ಲೋಹಕ್ಕೆ ಕಚ್ಚಿಸುವ ಅರ್ಥ್ ಕ್ಲ್ಯಾಂಪ್ ಮಾತ್ರ ಸಾಮಾನ್ಯವಾಗಿ ತೆಳು ತಗಡಿನದು. ಹಿಡಿತ ಸಡಿಲವಾಗಿ ಆರ್ಕ್ ತಡವರಿಸುತ್ತದೆ, ಕಲಿಯುವವರು ಅದನ್ನು ತಮ್ಮ ಕೈಯ ದೋಷವೆಂದೇ ತಿಳಿದುಬಿಡುತ್ತಾರೆ. ಅದನ್ನು ಬದಲಾಯಿಸಿ. ಪೆಟ್ಟಿಗೆಯಲ್ಲಿರುವ ಪ್ಲಾಸ್ಟಿಕ್ ಕೈಮುಖವಾಡವೂ ಲೆಕ್ಕಕ್ಕಿಲ್ಲ. 10 ಅಥವಾ 11ನೇ ಶೇಡಿನ (ಗಾಜಿನ ಕಪ್ಪಿನ ಮಟ್ಟ), ತಲೆಗೆ ಧರಿಸುವ ಹೆಲ್ಮೆಟ್ಟಿನ ಬೆಲೆಯನ್ನು ಯಂತ್ರದ ಬೆಲೆಯೊಳಗೇ ಸೇರಿಸಿಕೊಳ್ಳಬೇಕು.

ಇನ್ನು ಇದರಿಂದ ಆಗದ ಕೆಲಸಗಳು. ಒಂದು ಮಿ.ಮೀ.ಗಿಂತ ತೆಳುವಾದ ತಗಡು ರಾಡಿಗೆ ತೂತಾಗುತ್ತದೆ, ಅದಕ್ಕೆ ಮಿಗ್ (ರಾಡಿನ ಬದಲು ತಂತಿ ತಾನಾಗಿ ಬರುವ) ಅಥವಾ ಟಿಗ್ (ಕರಗದ ಟಂಗ್‌ಸ್ಟನ್ ಮೊನೆಯ) ಯಂತ್ರ ಬೇಕು. ಈ ಯಂತ್ರಗಳ ಜಾಹೀರಾತಿನಲ್ಲಿ ಟಿಗ್ ಎಂಬ ಮಾತೂ ಇರುತ್ತದೆ, ಆದರೆ ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟ್) ಮಾತ್ರ ಕೊಡುವ ಯಂತ್ರದ ಟಿಗ್‌ನಿಂದ ಅಲ್ಯೂಮಿನಿಯಂ ಕೆಲಸ ನಡೆಯುವುದಿಲ್ಲ. ಪೆಟ್ರೋಲ್ ಟ್ಯಾಂಕನ್ನಂತೂ ಮುಟ್ಟಲೇಬಾರದು. ಬರಿದಾಗಿ ಕಾಣುವ ಟ್ಯಾಂಕಿನಲ್ಲಿ ಉಳಿದ ಆವಿ ಸಿಡಿಯಲು ಒಂದು ಕಿಡಿ ಸಾಕು. ಹ್ಯಾಂಡಲ್ ಕೂರುವ ಸ್ಟೀರಿಂಗ್ ಹೆಡ್ ಮತ್ತು ಹಿಂದಿನ ಚಕ್ರ ಹಿಡಿಯುವ ಸ್ವಿಂಗ್‌ಆರ್ಮ್ ಫ್ರೇಮಿಗೆ ಸೇರುವ ಪಿವೋಟಿನ ಸುತ್ತ ಬರುವ ಬೆಸುಗೆಗಳ ಮಾತೇ ಬೇರೆ. ಯಂತ್ರಕ್ಕೆ ಅಷ್ಟು ಶಕ್ತಿಯಿದ್ದರೂ, ಅಲುಗದಂತೆ ಹಿಡಿದಿಡುವ ಜಿಗ್ ಚೌಕಟ್ಟಿನಲ್ಲಿ ಬಿಗಿಯದೆ ಬೆಸೆದ ಫ್ರೇಮ್ ಬಿಸಿಗೆ ಎಳೆದುಕೊಂಡು ಎರಡು ಚಕ್ರಗಳ ಸಾಲು ತಪ್ಪಬಹುದು. ಬೆಸುಗೆಯ ಒಳಗಿನ ದೋಷ ಓಡಿಸುವವನ ಪ್ರಾಣಕ್ಕೇ ಬರುತ್ತದೆ. ಅಲ್ಲಿ ಹಣ ಕೊಟ್ಟು ಅನುಭವಿ ವೆಲ್ಡರ್ ಬಳಿ ಹೋಗುವುದನ್ನು ನಾನು ದುಂದುವೆಚ್ಚವೆನ್ನಲಾರೆ.

ಕೆಲಸಕ್ಕೆ ಮುನ್ನ ಬ್ಯಾಟರಿ ತೆಗೆದು, ಸಿಡಿಐ ಅಥವಾ ಇಸಿಯು (ಎಂಜಿನ್ನಿನ ಕಿಡಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಮತ್ತು ಬ್ಯಾಟರಿಗೆ ಹೋಗುವ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್‌ನ ಕನೆಕ್ಟರುಗಳನ್ನು ಬಿಡಿಸಿಡಬೇಕು. ಅರ್ಥ್ ಕ್ಲ್ಯಾಂಪನ್ನು ಬೆಸುಗೆಯ ಪಕ್ಕದಲ್ಲೇ ಹಾಕಬೇಕು, ಇಲ್ಲವಾದರೆ ಕರೆಂಟ್ ಚಕ್ರದ ಬೇರಿಂಗುಗಳ ಮೂಲಕ ಹಾದು ಅವನ್ನು ಹಾಳುಮಾಡಬಹುದು. ಗ್ರೀಸ್ ತೆಗೆಯಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸುವುದು ಬೇಡ, ಅದು ಆರ್ಕ್‌ಗೆ ಸಿಕ್ಕರೆ ಫಾಸ್‌ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಕೊಳ್ಳುವ ಸ್ಥಿತಿಯಲ್ಲಿರುವವರು 140 ಅಥವಾ 160 ಆಂಪ್ ಎಂದು ಪ್ರಾಮಾಣಿಕವಾಗಿ ಬರೆದ ಯಂತ್ರವನ್ನು 200 ಎಂದು ಕೂಗುವ ಅಗ್ಗದ ಯಂತ್ರಕ್ಕಿಂತ ಮೊದಲು ನೋಡಲಿ. ಉಳಿದ ಹಣದಲ್ಲಿ ರಾಡ್ ಮತ್ತು ಹಳೆಯ ಕೊಳವೆಯ ತುಂಡುಗಳನ್ನು ತಂದು ಬೈಕಿಗೆ ಕೈ ಹಚ್ಚುವ ಮೊದಲು ಅವುಗಳ ಮೇಲೆ ಅಭ್ಯಾಸ ಮಾಡಲಿ.