ಸಂತೆಯ ಒಂದು ಕಟ್ಟು ಮದ್ದು ಸೊಪ್ಪು

ಕಕ್ಕಡ ಹದಿನೆಂಟಕ್ಕೆ, ಅಂದರೆ ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೆಯ ದಿನವಾದ ಆಗಸ್ಟ್ 3ಕ್ಕೆ, ಪಾಯಸ ಮಾಡುವ ಮದ್ದು ಸೊಪ್ಪನ್ನು ಎಲ್ಲಿ ಕೊಳ್ಳಬೇಕೆಂದು ಕೇಳುವವರಿಗೆ ನನ್ನ ಉತ್ತರ: ಮಡಿಕೇರಿಯ ಶುಕ್ರವಾರ ಸಂತೆಯಲ್ಲಿ, ಹಸಿ ಕಟ್ಟನ್ನೇ.

ಹಾಸನದಿಂದ ಮದುವೆಯಾಗಿ ಬಂದ ನನಗೆ ಈ ಗಿಡ ತೋರಿಸಿದವರು ಅತ್ತೆ. ನಮ್ಮ ಕಡೆಯ ಆಡುಸೋಗೆಯ ಕುಲಕ್ಕೇ ಸೇರಿದ ಪೊದೆ ಇದು, ಹೂವಿಗೂ ಅದರಂತೆಯೇ ಎರಡು ತುಟಿ. ಜಸ್ಟೀಸಿಯ ವೈನಾಡೆನ್ಸಿಸ್ ಎಂಬ ಸಸ್ಯಶಾಸ್ತ್ರದ ಹೆಸರು ನೆರೆಯ ವಯನಾಡಿನಿಂದ ಬಂದದ್ದು. ಆಗಸ್ಟ್ 3ರಂದು ಇದರ ಎಲೆಯಲ್ಲಿ ಹದಿನೆಂಟು ಬಗೆಯ ಮದ್ದು ಕೂಡಿರುತ್ತದೆ ಎಂಬುದು ಇಲ್ಲಿಯವರ ನಂಬಿಕೆ.

ಕಳೆದ ವರ್ಷ ಮಳೆಗೆ ಹೆದರಿ ಸಂತೆಗೆ ಹೋಗದೆ, ಪೇಟೆಯ ಅಂಗಡಿಯೊಂದರಿಂದ ಬಾಟಲಿಯ ರಸ ತಂದಿದ್ದೆ. ನೂರೆಂಬತ್ತು ರೂಪಾಯಿ. ಬಣ್ಣವೇನೋ ಕಡುನೇರಳೆಯೇ. ಮುಚ್ಚಳ ತೆಗೆದು ಅತ್ತೆಯ ಮುಂದೆ ಹಿಡಿದೆ. ಮೂಸಿ ನೋಡಿ, "ಇದರಲ್ಲಿ ಕಕ್ಕಡ ಇಲ್ಲ ಮಗಳೇ" ಎಂದರು. ಪಾಯಸ ಸಿಹಿಯಾಗಿತ್ತು, ಅಷ್ಟೇ.

ಈ ಸಲ ಸಂತೆ ಆಗಸ್ಟ್ 1ಕ್ಕೆ ಬಿತ್ತು. ಪ್ಲಾಸ್ಟಿಕ್ ಹಾಳೆಯಡಿ ಕುಳಿತಿದ್ದ ಅಜ್ಜಿಯೊಬ್ಬರಿಂದ ಮೂವತ್ತು ರೂಪಾಯಿಗೆ ಒಂದು ಕಟ್ಟು ಕೊಂಡೆ. ಕಾಂಡ ದಪ್ಪ, ಎಲೆ ಗಟ್ಟಿ, ಬುಡದಲ್ಲಿ ತೋಟದ ಮಣ್ಣು ಇನ್ನೂ ಅಂಟಿಕೊಂಡಿತ್ತು. ಬಕೆಟ್ಟಿನ ನೀರಿನಲ್ಲಿ ಎರಡು ದಿನ ನಿಲ್ಲಿಸಿಟ್ಟರೂ ಒಂದೆಲೆ ಬಾಡಲಿಲ್ಲ. ಮೂರರ ಬೆಳಿಗ್ಗೆ ಕಾಂಡಸಮೇತ ಕತ್ತರಿಸಿ ಕುದಿಸಿದೆ. ಹಸಿರು ಎಲೆಯಿಂದ ನೇರಳೆ ಬಿಡುವುದನ್ನು ಎಷ್ಟು ವರ್ಷ ನೋಡಿದರೂ ನನಗೆ ಬೆರಗೇ! ಆ ನೀರನ್ನು ಸೋಸಿ, ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು, ಏಲಕ್ಕಿ ಹಾಕಿದೆ. ಪರಿಮಳ ಹಜಾರ ದಾಟಿತು. ಅತ್ತೆ ತಾವಾಗಿಯೇ ಬಂದು ಬಟ್ಟಲು ಹಿಡಿದರು. ಮೊದಲ ಸಲ ತಿನ್ನುವವರಿಗೆ ಒಂದು ಮಾತು: ಆಮೇಲೆ ಮೂತ್ರ ಕೆಂಪಾಗುತ್ತದೆ, ಮಕ್ಕಳಿಗೆ ಮೊದಲೇ ಹೇಳಿಬಿಡಿ. ನನಗೆ ಯಾರೂ ಹೇಳಿರಲಿಲ್ಲ, ಅತ್ತುಬಿಟ್ಟಿದ್ದೆ.

ಕೊರತೆ ಒಂದಿದೆ. ಆ ದಿನವೇ ಕಿತ್ತ ಸೊಪ್ಪಿನ ಸೊಗಡು ಎರಡು ದಿನ ಇಟ್ಟದ್ದಕ್ಕೆ ಬಾರದು ಎಂದು ಅತ್ತೆ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಅದಕ್ಕೆ ದಾರಿಯನ್ನೂ ಆ ಅಜ್ಜಿಯೇ ತೋರಿಸಿದ್ದರು. ಚಿಲ್ಲರೆ ಕೊಡುತ್ತಾ, "ಗಿಣ್ಣಿರುವ ಎರಡು ತುಂಡು ನೆರಳಲ್ಲಿ ಊರಿಬಿಡಿ, ಮುಂದಿನ ವರ್ಷ ಕೊಳ್ಳುವುದೇ ಬೇಡ" ಎಂದರು. ತಮ್ಮ ವ್ಯಾಪಾರ ತಪ್ಪುವ ಮಾತನ್ನು ಅಷ್ಟು ಸಲೀಸಾಗಿ ಹೇಳುವ ವ್ಯಾಪಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬಾವಿಕಟ್ಟೆಯ ಪಕ್ಕ ಮೂರು ತುಂಡು ಊರಿದೆ. ಎರಡು ಚಿಗುರಿವೆ. ಅಜ್ಜಿಗೆ ತೋರಿಸಲು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟಿದ್ದೇನೆ.