ಮಕ್ಕಳ ಕಾರ್ಯಕ್ರಮಗಳ ಚಂದಾ: ಮೂರು ತಿಂಗಳ ಅನುಭವ

ಮಗಳಿಗಾಗಿ ಮೂರು ತಿಂಗಳ ಹಿಂದೆ ಮೊಬೈಲ್‌ನಲ್ಲಿ ಮಕ್ಕಳ ಕಾರ್ಯಕ್ರಮಗಳ ಸೇವೆಯೊಂದಕ್ಕೆ ಚಂದಾದಾರಳಾದೆ. ಚಿತ್ರ ನಿಚ್ಚಳವಾಗಿದೆ, ನಡುವೆ ಜಾಹೀರಾತಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಮಳೆ ಹಿಡಿದು ಸಿಗ್ನಲ್ ಹೋದಾಗಲೂ ಮೊದಲೇ ಇಳಿಸಿಟ್ಟುಕೊಂಡ ಕಂತುಗಳು ತಡೆಯಿಲ್ಲದೆ ಓಡುತ್ತವೆ. ಆದರೆ ಕನ್ನಡದಲ್ಲಿರುವುದೆಲ್ಲ ಬೇರೆ ಭಾಷೆಯ ಕಾರ್ಟೂನ್‌ಗಳ ಡಬ್ಬಿಂಗ್, ಅದೂ ಬೆರಳೆಣಿಕೆಯಷ್ಟು. ಒಂದು ಕಂತು ಮುಗಿಯುತ್ತಿದ್ದಂತೆ ಮುಂದಿನದು ತಾನಾಗಿಯೇ ಆರಂಭವಾಗುವುದರಿಂದ, ನೋಡಿದ್ದನ್ನು ಮೆಲುಕು ಹಾಕಲು ಮಗುವಿಗೆ ಪುರುಸೊತ್ತೇ ಸಿಗುವುದಿಲ್ಲ.

1986ರಲ್ಲಿ ದೂರದರ್ಶನದಲ್ಲಿ ಬಂದ ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ನ ಮುಂದಿನ ಕಂತಿಗಾಗಿ ನಾವು ಕಾಯುತ್ತಿದ್ದೆವು, ಆ ಕಾಯುವಿಕೆಯಲ್ಲೇ ಕಥೆ ಮನಸ್ಸಿನೊಳಗೆ ಬೆಳೆಯುತ್ತಿತ್ತು. ಅದು ಚಿತ್ರೀಕರಣಗೊಂಡದ್ದು ನಮ್ಮ ಆಗುಂಬೆಯಲ್ಲಿ. ಮಾಸ್ಟರ್ ಮಂಜುನಾಥ್ ಅಭಿನಯಿಸಿದ ಸ್ವಾಮಿ ಹಿಂದಿ ಮಾತನಾಡಿದರೂ ಹೆಂಚಿನ ಮಾಡು, ಮರದ ಕಂಬಗಳು ನಮ್ಮವೇ ಆಗಿದ್ದವು. 2009ರಲ್ಲಿ ಚಿಂಟು ಟಿವಿ ಬಂದಾಗ ಕಾರ್ಟೂನ್‌ಗಳಿಗೆ ಕನ್ನಡದ ಮಾತು ದೊರೆಯಿತು, ಊರು ಮಾತ್ರ ದೊರೆಯಲಿಲ್ಲ.

ಕಳೆದ ಭಾನುವಾರ ಮಗಳಿಗೆ ಆ ಹಳೆಯ ಧಾರಾವಾಹಿಯ ಒಂದು ಕಂತನ್ನು ತೋರಿಸಿದೆ. ಪರದೆಯ ಮೇಲೆ ಬೆರಳಿಟ್ಟು, “ಅಮ್ಮಾ, ಇದು ಅಜ್ಜಿ ಮನೆ ಜಗುಲಿ ಅಲ್ವಾ?” ಎಂದು ಕೇಳಿದಳು. ಅಂಥ ಒಂದು ಜಗುಲಿಯೂ ಈ ಸೇವೆಯಲ್ಲಿ ಇಲ್ಲದಿರುವುದರಿಂದ, ಚಂದಾ ಮುಂದುವರಿಸದಿರಲು ನಿರ್ಧರಿಸಿದ್ದೇನೆ.